ಬಿಸಿಲಿಗೆ ಶುಗರ್ ಏರುಪೇರಾದಾಗ ಮೊದಲು ಪೆನ್ ಬದಲಿಸಿ, ಡೋಸ್ ಅಲ್ಲ

ಪ್ರಶ್ನೆ: ನನಗೆ 34 ವರ್ಷ. ಎರಡು ತಿಂಗಳ ಹಿಂದೆ ಟೈಪ್ 1 ಡಯಾಬಿಟಿಸ್ ಇದೆ ಅಂತ ಗೊತ್ತಾಯಿತು. ರಾತ್ರಿ ಒಂದು ಸಲ ಗ್ಲಾರ್ಜಿನ್ (ಇಡೀ ದಿನ ನಿಧಾನವಾಗಿ ಕೆಲಸ ಮಾಡುವ ಇನ್ಸುಲಿನ್), ಮೂರು ಹೊತ್ತು ಊಟಕ್ಕೆ ಮುಂಚೆ ಆಸ್ಪಾರ್ಟ್ (ಬೇಗ ಕೆಲಸ ಮಾಡುವ ಇನ್ಸುಲಿನ್) ತೆಗೆದುಕೊಳ್ಳುತ್ತೇನೆ. ಎರಡೂ ಪೆನ್, ಅಂದರೆ ಪೆನ್ನಿನ ಹಾಗಿರುವ ಇಂಜೆಕ್ಷನ್. ಈಗ ಬಿಸಿಲು ಜೋರಾಗಿದೆ. ಮೊದಮೊದಲು ಬಿಸಿಲಲ್ಲಿ ಓಡಾಡಿದ ದಿನ ಶುಗರ್ 60ರ ಹತ್ತಿರ ಇಳಿದು ಕೈ ನಡುಗಿತು. ಆಮೇಲೆ ಹೋದ ವಾರ ಪೆನ್ನುಗಳಿದ್ದ ಬ್ಯಾಗನ್ನು ಮಧ್ಯಾಹ್ನ ಕಾರಿನಲ್ಲೇ ಮರೆತುಬಿಟ್ಟೆ, ಸುಮಾರು ಮೂರು ಗಂಟೆ. ಅಂದಿನಿಂದ ಬೆಳಗ್ಗೆ 240, 260 ಬರುತ್ತಿದೆ. ಬಿಸಿಲಿಗೆ ಶುಗರ್ ಏರುತ್ತದೋ, ಇಳಿಯುತ್ತದೋ? ಡೋಸ್ ಜಾಸ್ತಿ ಮಾಡಿಕೊಳ್ಳಲೇ? ಪೆನ್ ಫ್ರಿಜ್ಜಿನಲ್ಲಿ ಇಡಬೇಕೋ, ಹೊರಗೋ? ಕರೆಂಟ್ ಹೋದರೆ ಏನು ಮಾಡಲಿ?

ಉತ್ತರ: ಮೊದಲು ಇವತ್ತೇ ಮಾಡಬೇಕಾದ್ದನ್ನು ಹೇಳಿಬಿಡುತ್ತೇನೆ. ಕಾರಣಗಳನ್ನು ಆಮೇಲೆ ನೋಡೋಣ.

ಕಾರಿನಲ್ಲಿ ಬಿಸಿಯಾದ ಆ ಎರಡೂ ಪೆನ್ನುಗಳನ್ನು ಪಕ್ಕಕ್ಕಿಡಿ. ಫ್ರಿಜ್ಜಿನಲ್ಲಿರುವ ಹೊಸ ಪೆನ್ ತೆಗೆದು ಇವತ್ತಿನಿಂದಲೇ ಶುರು ಮಾಡಿ. ಡೋಸ್ ವೈದ್ಯರು ಬರೆದುಕೊಟ್ಟಷ್ಟೇ ಇರಲಿ. ಮನೆಯಲ್ಲಿ ಹೊಸ ಪೆನ್ ಇಲ್ಲ ಅಂದರೆ ಈಗಲೇ ಹೋಗಿ ತನ್ನಿ. ತರುವವರೆಗೆ ಹಳೆಯದನ್ನೇ ತೆಗೆದುಕೊಳ್ಳಿ, ಯಾಕೆಂದರೆ ಟೈಪ್ 1 ಇರುವವರಿಗೆ ಕಸುವು ಕಡಿಮೆಯಾದ ಇನ್ಸುಲಿನ್ ಕೂಡ ಏನೂ ಇಲ್ಲದಿರುವುದಕ್ಕಿಂತ ಎಷ್ಟೋ ಮೇಲು.

ಎರಡನೆಯದು, ಕೀಟೋನ್ ಪರೀಕ್ಷೆ. ಇನ್ಸುಲಿನ್ ಸಾಲದಾಗ ಮೈ ಕೊಬ್ಬನ್ನು ಉರಿಸಿ ಮಾಡುವ ಆಮ್ಲವೇ ಕೀಟೋನ್. ಶುಗರ್ 250 ದಾಟಿ ಅಲ್ಲೇ ನಿಂತರೆ ಕೀಟೋನ್ ನೋಡಲೇಬೇಕು. ರಕ್ತದ ಕೀಟೋನ್ ಲೀಟರಿಗೆ 0.6 ಮಿಲಿಮೋಲ್‌ಗಿಂತ ಕಡಿಮೆ ಇದ್ದರೆ ಗಾಬರಿ ಬೇಡ. 0.6ರಿಂದ 1.5 ಇದ್ದರೆ ನೀರು ಕುಡಿದು, ಕರೆಕ್ಷನ್ ಡೋಸ್ (ಏರಿದ ಶುಗರ್ ಇಳಿಸಲು ವೈದ್ಯರು ಹೇಳಿಕೊಟ್ಟಷ್ಟು ಹೆಚ್ಚುವರಿ ಆಸ್ಪಾರ್ಟ್) ತೆಗೆದುಕೊಂಡು, ಎರಡು ಗಂಟೆ ಬಿಟ್ಟು ಮತ್ತೆ ನೋಡಿ. 1.5 ದಾಟಿದರೆ ವೈದ್ಯರಿಗೆ ಫೋನ್ ಮಾಡಿ. 3 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ನೇರ ಆಸ್ಪತ್ರೆಗೆ ಹೋಗಿ. ವಾಂತಿ, ಹೊಟ್ಟೆನೋವು, ಉಸಿರಲ್ಲಿ ಹಣ್ಣಿನಂಥ ವಾಸನೆ, ಆಳವಾದ ಜೋರು ಉಸಿರು, ಮಂಪರು, ಇವುಗಳಲ್ಲಿ ಯಾವುದೇ ಕಂಡರೂ ಮೀಟರಿನ ಅಂಕಿಗಾಗಿ ಕಾಯಬೇಡಿ. ಕೀಟೋಅಸಿಡೋಸಿಸ್, ಅಂದರೆ ಕೀಟೋನ್ ಸೇರಿ ರಕ್ತ ಆಮ್ಲವಾಗುವುದು, ಗಂಟೆಗಳ ಲೆಕ್ಕದಲ್ಲಿ ಬಿಗಡಾಯಿಸುತ್ತದೆ.

ಈಗ ನಿಮ್ಮ ದೊಡ್ಡ ಪ್ರಶ್ನೆಗೆ ಬರುತ್ತೇನೆ. ಏರುತ್ತದೋ, ಇಳಿಯುತ್ತದೋ? ಎರಡೂ ಆಗುತ್ತದೆ. ಬಿಸಿಲು ಇನ್ಸುಲಿನ್ನಿಗೆ ಎರಡು ಜಾಗದಲ್ಲಿ ಕೈ ಹಾಕುತ್ತದೆ. ಒಂದು ಪೆನ್ನಿನೊಳಗೆ. ಅಲ್ಲಿ ಇನ್ಸುಲಿನ್ ಕೆಡುತ್ತದೆ, ಶುಗರ್ ಏರುತ್ತದೆ. ಇನ್ನೊಂದು ಮೈಯೊಳಗೆ. ಅಲ್ಲಿ ಒಳ್ಳೆಯ ಇನ್ಸುಲಿನ್ ಬೇಗ ರಕ್ತಕ್ಕೆ ಸೇರಿಕೊಳ್ಳುತ್ತದೆ, ಶುಗರ್ ಇಳಿಯುತ್ತದೆ. ನಿಮಗೆ ಮೊದಲು ಆದದ್ದು ಎರಡನೆಯ ಬಗೆ, ಆಮೇಲೆ ಆದದ್ದು ಬಹುಶಃ ಮೊದಲನೆಯದು. ಇವೆರಡನ್ನೂ ಒಂದೇ ಅಂತ ನೋಡಿದರೆ ತಲೆ ಕೆಡುತ್ತದೆ. ಬೇರೆ ಬೇರೆ ಮಾಡಿ ನೋಡಿದರೆ ಮುಂದಿನ ಹೆಜ್ಜೆ ಗೊತ್ತಾಗುತ್ತದೆ. ಬೇಸಿಗೆಯಲ್ಲಿ ಯಾವಾಗ ಶುಗರ್ ದಾರಿ ತಪ್ಪಿದರೂ ಮೊದಲು ಕೇಳಿಕೊಳ್ಳಿ, ತೊಂದರೆ ಪೆನ್ನಲ್ಲಿದೆಯೋ, ಮೈಯಲ್ಲಿದೆಯೋ?

ಡೋಸ್ ಯಾಕೆ ಏರಿಸಬೇಡಿ ಅಂದೆ? ಹೊಸದಾಗಿ ಇನ್ಸುಲಿನ್ ಶುರು ಮಾಡಿದವರಿಗೆ ಇದು ಅಷ್ಟು ಸುಲಭವಾಗಿ ಹೊಳೆಯುವುದಿಲ್ಲ. ನಿಮ್ಮ ಪೆನ್ನಿನ ಕಸುವು ಮೂರನೇ ಒಂದು ಭಾಗ ಹೋಗಿದೆ ಅಂತ ಸುಮ್ನೆ ಲೆಕ್ಕಕ್ಕೆ ಇಟ್ಟುಕೊಳ್ಳೋಣ. ನೀವು 12 ಯೂನಿಟ್ ಹಾಕಿಕೊಂಡರೆ ಕೆಲಸ ಮಾಡುವುದು 8ರಷ್ಟು. ಶುಗರ್ ಏರುತ್ತದೆ. ನೀವು 18ಕ್ಕೆ ಏರಿಸುತ್ತೀರಿ. ಶುಗರ್ ಸರಿಹೋಗುತ್ತದೆ. ಅಬ್ಬಾ, ಡೋಸ್ ಸಿಕ್ಕಿತು ಅನ್ನಿಸುತ್ತದೆ. ಕೆಲವು ದಿನಕ್ಕೆ ಆ ಪೆನ್ ಖಾಲಿ. ಹೊಸ ಪೆನ್ ತೆಗೆದು ಅದೇ 18 ಹಾಕಿಕೊಳ್ಳುತ್ತೀರಿ. ಈ ಸಲ ಹದಿನೆಂಟಕ್ಕೆ ಹದಿನೆಂಟೂ ಕೆಲಸ ಮಾಡುತ್ತದೆ. ಅದು ಗ್ಲಾರ್ಜಿನ್ ಆದರೆ ರಾತ್ರಿ ನಿದ್ದೆಯಲ್ಲಿ ಶುಗರ್ ಕುಸಿಯುತ್ತದೆ. ಇದೇ ಕಾರಣಕ್ಕೆ, ಪೆನ್ ಮೇಲೆ ಅನುಮಾನ ಇದ್ದಾಗ ಬದಲಿಸಬೇಕಾದ್ದು ಪೆನ್ನು. ಹೊಸ ಪೆನ್ನಿನಲ್ಲೂ ಎರಡು ಮೂರು ದಿನ ಶುಗರ್ ಇಳಿಯದಿದ್ದರೆ ಆಗ ಡೋಸಿನ ಮಾತು ವೈದ್ಯರ ಜೊತೆ ಆಡಿ.

ಆಗಲೂ ಬೇರೆ ಕಾರಣಗಳನ್ನು ಮರೆಯಬೇಡಿ. ಜ್ವರ, ಹಲ್ಲಿನ ಕೀವು, ಮೂತ್ರದ ಸೋಂಕು ಇದ್ದರೆ ಶುಗರ್ ಏರುತ್ತದೆ. ಒಂದೇ ಜಾಗಕ್ಕೆ ಚುಚ್ಚಿ ಚುಚ್ಚಿ ಚರ್ಮದ ಕೆಳಗೆ ಗಂಟಾಗಿದ್ದರೆ ಅಲ್ಲಿಂದ ಇನ್ಸುಲಿನ್ ಸರಿಯಾಗಿ ಹೀರುವುದಿಲ್ಲ. ಬೆರಳಿಂದ ಮುಟ್ಟಿ ನೋಡಿ. ಗಟ್ಟಿ ಅನ್ನಿಸಿದ ಜಾಗ ಬಿಟ್ಟು ಬೇರೆ ಕಡೆ ಚುಚ್ಚಿಕೊಳ್ಳಿ.

ಪೆನ್ನಿನೊಳಗೆ ಏನಾಗುತ್ತದೆ ಅನ್ನೋದನ್ನು ಸ್ವಲ್ಪ ನೋಡೋಣ. ಇನ್ಸುಲಿನ್ ಒಂದು ಚಿಕ್ಕ ಪ್ರೊಟೀನ್. 51 ಅಮೈನೋ ಆಮ್ಲಗಳು ಎರಡು ಸರಪಳಿಗಳಾಗಿ ಮಡಚಿಕೊಂಡಿರುತ್ತವೆ. ಆ ಮಡಿಕೆ ಸರಿಯಾಗಿದ್ದರೆ ಮಾತ್ರ ಅದು ಜೀವಕೋಶದ ಬಾಗಿಲು ತೆರೆಯುತ್ತದೆ. ಕಾಯಿಸಿದರೆ, ಅದರ ಜೊತೆ ಅಲುಗಾಡಿಸಿದರೆ, ಮಡಿಕೆ ಬಿಚ್ಚಿಕೊಂಡು ಒಂದಕ್ಕೊಂದು ಅಂಟಿ ಸಿಕ್ಕುಗಟ್ಟಿದ ನೂಲಿನ ಹಾಗೆ ಎಳೆ ಎಳೆಯಾಗುತ್ತದೆ. ಅದನ್ನು ಮತ್ತೆ ತಣ್ಣಗೆ ಮಾಡಿದರೆ ಬಿಡಿಸಿಕೊಳ್ಳುವುದಿಲ್ಲ. ಹಾಗಾಗಿ ಬಿಸಿಯಾದ ಪೆನ್ನನ್ನು ಫ್ರಿಜ್ಜಿಗೆ ಹಾಕಿ ಉಳಿಸಿಕೊಳ್ಳುತ್ತೇನೆ ಅನ್ನುವುದು ಆಗದ ಮಾತು.

ಆದರೆ ಇನ್ಸುಲಿನ್ ನಾವು ಹೆದರುವಷ್ಟು ನಾಜೂಕಿನದೂ ಅಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಹೊಸಬರಲ್ಲಿ ಕೆಲವರು ಪೆನ್ ಐದು ನಿಮಿಷ ಹೊರಗಿದ್ದರೂ ಹಾಳಾಯಿತು ಅಂತ ಎಸೆದುಬಿಡುತ್ತಾರೆ. ಎಸೆದ ಮೇಲೆ ಕೈಯಲ್ಲಿ ಏನೂ ಇರುವುದಿಲ್ಲ. ಕೆನ್ಯಾದ ದದಾಬ್ ನಿರಾಶ್ರಿತರ ಶಿಬಿರದಲ್ಲಿ ಮನೆಗಳೊಳಗಿನ ಬಿಸಿ ದಿನದಲ್ಲಿ 25ರಿಂದ 37 ಡಿಗ್ರಿ ನಡುವೆ ಏರಿಳಿಯುತ್ತದೆ. ಅದೇ ಏರಿಳಿತವನ್ನು ಪ್ರಯೋಗಾಲಯದಲ್ಲಿ ಮಾಡಿ, ನಾಲ್ಕು ವಾರ ಇನ್ಸುಲಿನ್ನುಗಳನ್ನು ಇಟ್ಟು ನೋಡಿದರು. ಗಡಿಯಿಲ್ಲದ ವೈದ್ಯರ ಸಂಸ್ಥೆ ಮತ್ತು ಜಿನೀವಾ ವಿಶ್ವವಿದ್ಯಾಲಯ ಸೇರಿ ಮಾಡಿದ ಕೆಲಸ ಅದು, 2021ರಲ್ಲಿ ಪ್ರಕಟವಾಯಿತು. ಕಸುವು ಬಹುತೇಕ ಹಾಗೇ ಉಳಿದಿತ್ತು. 2023ರ ಕಾಕ್ರೇನ್ ವಿಮರ್ಶೆ (ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ವರದಿ) ಕೂಡ, ತೆರೆಯದ ಕೆಲವು ಬಗೆಯ ಹ್ಯೂಮನ್ ಇನ್ಸುಲಿನ್ (ಮನುಷ್ಯರ ಮೈಯಲ್ಲಿನದರಂತೆಯೇ ಇರುವ ಹಳೆಯ ಬಗೆ) 37 ಡಿಗ್ರಿವರೆಗೆ ಎರಡು ತಿಂಗಳು ತಡೆಯುತ್ತದೆ ಅಂತ ಹೇಳಿತು. ಅಂದರೆ ಮನೆಯೊಳಗಿನ ಸೆಕೆಗೆ ನಿಮ್ಮ ಪೆನ್ ಒಂದೇ ದಿನದಲ್ಲಿ ನೀರಾಗುವುದಿಲ್ಲ.

ನಿಲ್ಲಿಸಿದ ಕಾರಿನ ಕಥೆ ಬೇರೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಒಂದು ಗಂಟೆಯಲ್ಲಿ ಹೊರಗಿಗಿಂತ 20 ಡಿಗ್ರಿಗೂ ಜಾಸ್ತಿ ಏರಬಹುದು. ಆ ಏರಿಕೆಯ ಹೆಚ್ಚಿನ ಪಾಲು ಮೊದಲ ಅರ್ಧ ಗಂಟೆಯಲ್ಲೇ ಆಗಿಹೋಗುತ್ತದೆ. ಹೊರಗೆ 35 ಇದ್ದರೆ ಒಳಗೆ 55. ಡ್ಯಾಶ್‌ಬೋರ್ಡ್ ಮೇಲೆ ಇನ್ನೂ ಜಾಸ್ತಿ. ಕಿಟಕಿ ಒಂದಿಷ್ಟು ಇಳಿಸಿಟ್ಟರೂ ದೊಡ್ಡ ವ್ಯತ್ಯಾಸ ಆಗುವುದಿಲ್ಲ. ಮೇಲೆ ಹೇಳಿದ ಯಾವ ಅಧ್ಯಯನವೂ ಇಷ್ಟು ಬಿಸಿಗೆ ಭರವಸೆ ಕೊಡುವುದಿಲ್ಲ. ಅದಕ್ಕೇ ನಿಮ್ಮ ಆ ಎರಡು ಪೆನ್ನುಗಳನ್ನು ಬಿಟ್ಟುಬಿಡಬೇಕು ಅನ್ನುವುದರಲ್ಲಿ ನನಗೆ ಅನುಮಾನವೇ ಇಲ್ಲ. ದ್ವಿಚಕ್ರ ವಾಹನದ ಸೀಟಿನ ಕೆಳಗಿನ ಡಬ್ಬಿ, ಕಿಟಕಿಯ ಕಟ್ಟೆ, ಒಲೆಯ ಪಕ್ಕದ ಕಪಾಟು, ಮೈಗೆ ಒತ್ತಿದ ಪ್ಯಾಂಟಿನ ಜೇಬು, ಇವೂ ಇನ್ಸುಲಿನ್ ಇಡುವ ಜಾಗಗಳಲ್ಲ.

ಕಣ್ಣಿಗೆ ಕಾಣುತ್ತದಾ ಅಂತ ಕೇಳಬಹುದು. ಕೆಲವು ಸಲ ಮಾತ್ರ. ನಿಮ್ಮ ಎರಡೂ ಇನ್ಸುಲಿನ್ ನೀರಿನ ಹಾಗೆ ತಿಳಿಯಾಗಿರಬೇಕು. ಮಸುಕಾದರೆ, ಬಣ್ಣ ತಿರುಗಿದರೆ, ಚೂರು ತೇಲಿದರೆ ಬಳಸಬೇಡಿ. ಎನ್‌ಪಿಎಚ್ (ಮಧ್ಯಮ ಅವಧಿಯ ಇನ್ಸುಲಿನ್) ಮತ್ತು ಮಿಶ್ರ ಇನ್ಸುಲಿನ್ ಮೊದಲಿಂದಲೂ ಹಾಲಿನಂತೆ ಬೆಳ್ಳಗೇ ಇರುತ್ತವೆ. ಅವುಗಳನ್ನು ಅಂಗೈ ನಡುವೆ ನಿಧಾನ ಉರುಳಿಸಿ, ಮೇಲೆ ಕೆಳಗೆ ತಿರುಗಿಸಿ ಬೆರೆಸಬೇಕು. ಜೋರಾಗಿ ಕುಲುಕಬಾರದು. ಬೆರೆಸಿದ ಮೇಲೂ ಗಂಟು ಉಳಿದರೆ, ಗಾಜಿನ ಒಳಗೋಡೆಗೆ ಹಿಮ ಹಿಡಿದಂತೆ ಪುಡಿ ಅಂಟಿದರೆ ಅದು ಕೆಟ್ಟಿದೆ. ಆದರೆ ನೋಡಲು ಚೆನ್ನಾಗಿಯೇ ಇದ್ದು ಕಸುವು ಕಳೆದುಕೊಂಡ ಇನ್ಸುಲಿನ್ ಬೇಕಾದಷ್ಟು ಇರುತ್ತದೆ. ಆಗ ಸಾಕ್ಷಿ ಹೇಳುವುದು ನಿಮ್ಮ ಮೀಟರ್ ಒಂದೇ. ಎಂದಿನ ಊಟ, ಎಂದಿನ ಡೋಸ್, ಜ್ವರ ಇಲ್ಲ, ಆದರೂ ಎರಡು ಮೂರು ಸಲ ಸಾಲಾಗಿ ಜಾಸ್ತಿ ಬಂದರೆ ಪೆನ್ ಬದಲಿಸಿ ನೋಡಿ.

ಇನ್ನು ಇಡುವ ಜಾಗ. ತೆರೆಯದ ಪೆನ್ನುಗಳು 2ರಿಂದ 8 ಡಿಗ್ರಿಯ ಫ್ರಿಜ್ಜಿನಲ್ಲಿ, ಮೇಲೆ ಬರೆದ ಕೊನೆಯ ದಿನಾಂಕದವರೆಗೆ ಇರಬಹುದು. ಬಳಕೆಗೆ ತೆಗೆದದ್ದು 30 ಡಿಗ್ರಿ ಮೀರದ ಜಾಗದಲ್ಲಿ ಹೊರಗೇ ಇರಲಿ. ನಿಮ್ಮ ಗ್ಲಾರ್ಜಿನ್ ಮತ್ತು ಆಸ್ಪಾರ್ಟ್ ಸಾಮಾನ್ಯವಾಗಿ 28 ದಿನ. ಎಲ್ಲಕ್ಕೂ ಇದೇ ಲೆಕ್ಕ ಅಂದುಕೊಳ್ಳಬೇಡಿ. ನಿಧಾನವಾಗಿ ಕೆಲಸ ಮಾಡುವ ಬೇರೆ ಇನ್ಸುಲಿನ್ನುಗಳಲ್ಲಿ ಡೆಟೆಮಿರ್ 42 ದಿನ, ಡೆಗ್ಲುಡೆಕ್ 56 ದಿನ ಬರುತ್ತವೆ. ಕೆಲವು ಮಿಶ್ರ ಪೆನ್ನುಗಳಿಗೆ 10 ಅಥವಾ 14 ದಿನ ಅಂತಲೂ ಇದೆ. ಪೆಟ್ಟಿಗೆಯೊಳಗಿನ ಚೀಟಿ ಓದಿ, ಅದೇ ಕೊನೆಯ ಮಾತು. ತೆಗೆದ ದಿನವನ್ನು ಪೆನ್ ಮೇಲೇ ಬರೆದಿಡಿ. ನೆನಪಿರುತ್ತದೆ ಅಂದುಕೊಳ್ಳುತ್ತೇವೆ, ಇರುವುದಿಲ್ಲ.

ಮನೆಯೇ 30 ದಾಟಿದರೆ? ಆವಿಯಿಂದ ತಂಪಾಗುವ ಚೀಲಗಳು ಸಿಗುತ್ತವೆ. ಒಳಗಿನ ಹರಳುಗಳು ನೀರು ಹೀರಿ ಉಬ್ಬುತ್ತವೆ, ಆ ನೀರು ಆವಿಯಾಗುತ್ತಾ ಒಳಗಿನ ಬಿಸಿಯನ್ನು ಎಳೆದುಕೊಳ್ಳುತ್ತದೆ. ಫ್ರಿಜ್ಜಿನಷ್ಟು ತಣ್ಣಗಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಒಂದು ಮಣ್ಣಿನ ಮಡಕೆಯೊಳಗೆ ಇನ್ನೊಂದು ಇಟ್ಟು, ನಡುವಿನ ಸಂದಿಗೆ ಮರಳು ತುಂಬಿ ನೀರು ಹಾಕಿದರೂ ಇದೇ ಕೆಲಸ ಆಗುತ್ತದೆ. ಎರಡಕ್ಕೂ ಗಾಳಿ ಬೇಕು. ಚೀಲವನ್ನು ಬ್ಯಾಗಿನ ತಳದಲ್ಲಿ ತುರುಕಿದರೆ ಆವಿ ಹೋಗಲು ದಾರಿ ಇಲ್ಲ, ತಂಪೂ ಇಲ್ಲ. ತೇವದ ಹವೆಯ ಜಾಗಗಳಲ್ಲಿ ಇವು ಅಷ್ಟಾಗಿ ಕೆಲಸ ಮಾಡುವುದಿಲ್ಲ ಅನ್ನುವುದು ನೆನಪಿರಲಿ. ಪೆನ್ನನ್ನು ಮಾತ್ರ ನೀರು ಸೋಕದ ಹಾಗೆ ಡಬ್ಬಿಯಲ್ಲಿಡಿ.

ಗ್ಲಾರ್ಜಿನ್ ಪೆನ್ನುಗಳ ಚೀಟಿಯಲ್ಲಿ, ಬಳಸಲು ಶುರು ಮಾಡಿದ ಮೇಲೆ ಫ್ರಿಜ್ಜಿಗೆ ಇಡಬೇಡಿ ಅಂತ ಬರೆದಿರುತ್ತದೆ. ಅದನ್ನು ಪಾಲಿಸಿ. ಆದರೆ ತಂಪು ಚೀಲವೂ ಇಲ್ಲ, ಕೋಣೆ 38 ಡಿಗ್ರಿ, ಬೇರೆ ದಾರಿಯೇ ಇಲ್ಲ ಅನ್ನುವ ದಿನ ನನ್ನ ಅಭಿಪ್ರಾಯ ಹೀಗೆ: ಸೂಜಿ ಬಿಚ್ಚಿ, ಮುಚ್ಚಳ ಹಾಕಿ, ಫ್ರಿಜ್ಜಿನೊಳಗೇ ಇಡಿ. ಚುಚ್ಚಿಕೊಳ್ಳುವ ಅರ್ಧ ಗಂಟೆ ಮೊದಲು ಹೊರಗೆ ತೆಗೆಯಿರಿ, ತಣ್ಣಗಿನ ಇನ್ಸುಲಿನ್ ಉರಿಯುತ್ತದೆ.

ಫ್ರಿಜ್ಜಿನೊಳಗೆ ಎಲ್ಲಿಡುತ್ತೀರಿ ಅನ್ನುವುದೂ ಮುಖ್ಯ. ಬಾಗಿಲಿನ ತಟ್ಟೆಯಲ್ಲಿ ತೆಗೆದಾಗಲೆಲ್ಲ ಬಿಸಿಗಾಳಿ ಬಡಿಯುತ್ತದೆ. ಹಿಂಬದಿ ಗೋಡೆಗೆ ತಾಗಿದರೆ, ಐಸ್ ಪೆಟ್ಟಿಗೆಯ ಕೆಳಗಿಟ್ಟರೆ ಹೆಪ್ಪುಗಟ್ಟುವ ಭಯ. ನಡುವಿನ ಹಲಗೆಯಲ್ಲಿ, ಒಂದು ಡಬ್ಬಿಯೊಳಗೆ ಇಡಿ. ಬೇಸಿಗೆಯಲ್ಲಿ ಎಲ್ಲರೂ ಫ್ರಿಜ್ಜನ್ನು ತೀರಾ ತಣ್ಣಗೆ ತಿರುಗಿಸಿಡುತ್ತಾರಲ್ಲ, ಅಲ್ಲೇ ಇನ್ಸುಲಿನ್ ಹೆಪ್ಪುಗಟ್ಟುವುದು. ಒಂದು ಸಲ ಹೆಪ್ಪುಗಟ್ಟಿದ್ದು ಕರಗಿದ ಮೇಲೆ ಎಷ್ಟೇ ಚೆನ್ನಾಗಿ ಕಂಡರೂ ಬಳಸುವಂತಿಲ್ಲ. ಐಸ್ ಪ್ಯಾಕ್ ಜೊತೆ ಒಯ್ಯುವಾಗಲೂ ಇದೇ ಅಪಾಯ. ನಡುವೆ ದಪ್ಪ ಬಟ್ಟೆ ಇರಲಿ, ಪೆನ್ ಐಸಿಗೆ ನೇರ ತಾಗದಿರಲಿ.

ಕರೆಂಟ್ ಹೋದರೆ ಫ್ರಿಜ್ಜಿನ ಬಾಗಿಲು ತೆಗೆಯಬೇಡಿ. ಮುಚ್ಚಿದ ಫ್ರಿಜ್ ಸುಮಾರು ನಾಲ್ಕು ಗಂಟೆ ತಂಪು ಹಿಡಿದುಕೊಳ್ಳುತ್ತದೆ. ಇಡೀ ದಿನ ಬರದಿದ್ದರೂ ಇನ್ಸುಲಿನ್ ಎಸೆಯಬೇಡಿ. ಅದನ್ನು ಹೊರಗೆ ತೆಗೆದ ಪೆನ್ ಅಂತ ಲೆಕ್ಕ ಹಾಕಿ, ಆ ದಿನದಿಂದ ಚೀಟಿಯಲ್ಲಿರುವಷ್ಟು ದಿನ ಎಣಿಸಿ.

ಸೂಜಿಯ ವಿಷಯ ಒಂದಿದೆ, ಇದನ್ನು ಹೇಳುವವರು ಕಡಿಮೆ. ಚುಚ್ಚಿಕೊಂಡ ಮೇಲೆ ಸೂಜಿಯನ್ನು ಪೆನ್ನಿನಲ್ಲೇ ಬಿಟ್ಟರೆ ಪೆನ್ ಸದಾ ತೆರೆದ ಹಾಗೆ. ಬಿಸಿಗೆ ಒಳಗಿನ ದ್ರವ ಹಿಗ್ಗಿ ಸೂಜಿಯ ತುದಿಯಿಂದ ತೊಟ್ಟಿಕ್ಕುತ್ತದೆ. ತಣ್ಣಗಾದಾಗ ಕುಗ್ಗಿ ಗಾಳಿ ಎಳೆದುಕೊಳ್ಳುತ್ತದೆ. ಒಳಗೆ ಗುಳ್ಳೆ ಇದ್ದರೆ ನೀವು ತಿರುಗಿಸಿದಷ್ಟು ಯೂನಿಟ್ ಒಳಗೆ ಹೋಗುವುದಿಲ್ಲ. ಬೇಸಿಗೆಯಲ್ಲಿ ದಿನಾ ಈ ಹಿಗ್ಗು ಕುಗ್ಗು ನಡೆಯುತ್ತದೆ. ಪ್ರತಿ ಸಲ ಸೂಜಿ ತೆಗೆಯಿರಿ. ಹೊಸ ಸೂಜಿ ಹಾಕಿ, 2 ಯೂನಿಟ್ ಗಾಳಿಗೆ ಬಿಟ್ಟು ಹನಿ ಕಾಣುವುದನ್ನು ನೋಡಿ, ಆಮೇಲೆ ಡೋಸ್ ತಿರುಗಿಸಿ.

ಈಗ ನಿಮ್ಮ 60ರ ವಿಷಯ. ಇದರ ಬಗ್ಗೆ ನನಗೆ ಜಾಸ್ತಿ ಕಾಳಜಿ. ಸೆಕೆಯಲ್ಲಿ ಮೈ ತನ್ನನ್ನು ತಂಪು ಮಾಡಿಕೊಳ್ಳಲು ಚರ್ಮಕ್ಕೆ ಜಾಸ್ತಿ ರಕ್ತ ಹರಿಸುತ್ತದೆ. ಇನ್ಸುಲಿನ್ ಕೂತಿರುವುದೂ ಅಲ್ಲೇ, ಚರ್ಮದ ಕೆಳಗೆ. ರಕ್ತ ಜೋರಾಗಿ ಹರಿದರೆ ಅದು ಬೇಗ ಒಳಗೆ ಸೇರುತ್ತದೆ. ಊಟದ ಇನ್ಸುಲಿನ್ನಿನಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಊಟ ಜೀರ್ಣವಾಗಿ ಸಕ್ಕರೆ ಬರುವ ಮೊದಲೇ ಇನ್ಸುಲಿನ್ ಮುಂದೆ ಓಡಿರುತ್ತದೆ. ಚುಚ್ಚಿಕೊಂಡ ತಕ್ಷಣ ಬಿಸಿನೀರು ಸ್ನಾನ, ಆ ಜಾಗ ಉಜ್ಜುವುದು, ಬಿಸಿಲಲ್ಲಿ ಬಿರಬಿರನೆ ನಡೆಯುವುದು, ಇವೆಲ್ಲ ಅದನ್ನು ಇನ್ನಷ್ಟು ಓಡಿಸುತ್ತವೆ. ತೊಡೆಗೆ ಚುಚ್ಚಿಕೊಂಡು ನಡೆಯಲು ಹೊರಟರೆ ಇದು ಇನ್ನೂ ಜೋರು. ನಡೆಯುವ ದಿನ ಹೊಟ್ಟೆಗೆ ಹಾಕಿಕೊಳ್ಳುವುದು ವಾಸಿ.

ನಿಮಗೆ ಇನ್ನೊಂದು ಕಾರಣವೂ ಸೇರಿರಬಹುದು. ಟೈಪ್ 1 ಗೊತ್ತಾಗಿ ಇನ್ಸುಲಿನ್ ಶುರುವಾದ ಕೆಲವು ವಾರಗಳಲ್ಲಿ, ಅಳಿದುಳಿದ ಬೀಟಾ ಕೋಶಗಳು (ಮೈಯಲ್ಲಿ ಇನ್ಸುಲಿನ್ ಮಾಡುವ ಕೋಶಗಳು) ಸ್ವಲ್ಪ ಚೇತರಿಸಿಕೊಂಡು ತಾವೂ ಇನ್ಸುಲಿನ್ ಸುರಿಸುತ್ತವೆ. ವೈದ್ಯರು ಇದಕ್ಕೆ ಹನಿಮೂನ್ ಹಂತ ಅನ್ನುತ್ತಾರೆ. ತಿಂಗಳುಗಟ್ಟಲೆ ಇರಬಹುದು. ಈ ಹೊತ್ತಿನಲ್ಲಿ ಹೊರಗಿಂದ ಬೇಕಾಗುವ ಇನ್ಸುಲಿನ್ ಕಡಿಮೆಯಾಗುತ್ತದೆ. ಆರಂಭದಲ್ಲಿ ಹೊಂದಿದ ಡೋಸ್ ಎರಡು ತಿಂಗಳಿಗೆ ಜಾಸ್ತಿ ಅನ್ನಿಸಬಹುದು. ಅದರ ಮೇಲೆ ಬಿಸಿಲು ಸೇರಿದರೆ 60 ಬರುವುದು ಆಶ್ಚರ್ಯವಲ್ಲ. ಹೊಸ ಪೆನ್ ಶುರು ಮಾಡಿದ ಮೇಲೆ ಮತ್ತೆ ಕಡಿಮೆ ಬರತೊಡಗಿದರೆ ವೈದ್ಯರಿಗೆ ತಡಮಾಡದೆ ತಿಳಿಸಿ, ಡೋಸ್ ಇಳಿಸಬೇಕಾಗಬಹುದು. ಕಾಯಿಲೆ ವಾಸಿಯಾಯಿತು ಅಂತ ನೀವೇ ಗ್ಲಾರ್ಜಿನ್ ನಿಲ್ಲಿಸುವುದು ಮಾತ್ರ ಬೇಡವೇ ಬೇಡ.

ಲೋ ಶುಗರ್ ಮತ್ತು ಬಿಸಿಲಿನ ಬಳಲಿಕೆ, ಎರಡರ ಲಕ್ಷಣವೂ ಒಂದೇ ಥರ. ಬೆವರು, ನಡುಕ, ತಲೆಸುತ್ತು, ಎದೆ ಹೊಡೆತ, ಸುಸ್ತು. ಬಿಸಿಲಲ್ಲಿ ನಿಂತವನು ಬೆವರಿದರೆ ಯಾರಿಗೂ ಅನುಮಾನ ಬರುವುದಿಲ್ಲ, ಅಲ್ವಾ? ನಿಮಗೇ ಬರುವುದಿಲ್ಲ. ಅದಕ್ಕೇ ಬೇಸಿಗೆಯಲ್ಲಿ ಮೈ ಹೇಳುವ ಮಾತನ್ನು ಊಹೆ ಮಾಡಬೇಡಿ, ಬೆರಳು ಚುಚ್ಚಿ ನೋಡಿ. ಮೀಟರ್ ಕೈಗೆ ಸಿಗದಿದ್ದರೆ ಲೋ ಅಂತಲೇ ತಿಳಿದು ಸಕ್ಕರೆ ತೆಗೆದುಕೊಳ್ಳಿ. ಲೋ ಅಲ್ಲದಿದ್ದರೆ ಶುಗರ್ ಸ್ವಲ್ಪ ಏರುತ್ತದೆ, ಅಷ್ಟೇ. ಲೋ ಆಗಿದ್ದು ಸುಮ್ಮನಿದ್ದರೆ ಜೀವಕ್ಕೇ ಅಪಾಯ.

70ಕ್ಕಿಂತ ಕೆಳಗೆ ಬಂದರೆ 15 ಗ್ರಾಂ ಗ್ಲುಕೋಸ್ ತಿನ್ನಿ ಅಥವಾ ನೀರಲ್ಲಿ ಕಲಸಿ ಕುಡಿಯಿರಿ. ತುಂಬಿದ ಮೂರು ಟೀ ಚಮಚ ಸಕ್ಕರೆಯೂ ಆಗುತ್ತದೆ. ನೆರಳಿಗೆ ಹೋಗಿ ಕೂತುಕೊಳ್ಳಿ. 15 ನಿಮಿಷಕ್ಕೆ ಮತ್ತೆ ನೋಡಿ. ಇನ್ನೂ ಕಡಿಮೆ ಇದ್ದರೆ ಮತ್ತೆ ಅಷ್ಟೇ. ಚಾಕೊಲೇಟ್ ನಂಬಬೇಡಿ. ಅದರಲ್ಲಿನ ಕೊಬ್ಬು ಸಕ್ಕರೆ ಒಳಗೆ ಸೇರುವುದನ್ನು ನಿಧಾನ ಮಾಡುತ್ತದೆ, ಬಿಸಿಲಿಗೆ ಕರಗಿ ಬ್ಯಾಗೂ ಹಾಳು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು ಅಂತ ಮನೆಯವರಿಗೆ, ಜೊತೆ ಕೆಲಸ ಮಾಡುವವರಿಗೆ ಮೊದಲೇ ಹೇಳಿಡಿ. ಆಗ ಗ್ಲುಕಗಾನ್ (ಶುಗರ್ ಬೇಗ ಏರಿಸುವ ತುರ್ತು ಔಷಧಿ) ಇದ್ದರೆ ಕೊಟ್ಟು, ಆಂಬುಲೆನ್ಸ್ ಕರೆಯಬೇಕು. ಗ್ಲುಕಗಾನ್ ಕೂಡ ಬಿಸಿಗೆ ಕೆಡುತ್ತದೆ, ಅದನ್ನೂ ಅದರ ಚೀಟಿಯಲ್ಲಿ ಹೇಳಿದ ಹಾಗೆ ಬಿಸಿಯಿಂದ ಕಾಪಾಡಿ.

ನೀರಿನ ಬಗ್ಗೆ. ರಕ್ತದ ಸಕ್ಕರೆ ಸುಮಾರು 180 ದಾಟಿದರೆ ಕಿಡ್ನಿ ಅದನ್ನು ಮೂತ್ರಕ್ಕೆ ಬಿಡುತ್ತದೆ, ಸಕ್ಕರೆ ಹೋಗುವಾಗ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಬೆವರಿನಲ್ಲಿ ಒಂದಷ್ಟು, ಮೂತ್ರದಲ್ಲಿ ಒಂದಷ್ಟು. ಮೈಯಲ್ಲಿ ನೀರು ಕಡಿಮೆಯಾದಂತೆ ಉಳಿದ ರಕ್ತದಲ್ಲಿ ಸಕ್ಕರೆ ಇನ್ನೂ ದಟ್ಟವಾಗುತ್ತದೆ. ಹಾಗಾಗಿ 240, 260 ಬರುತ್ತಿರುವ ನಿಮಗೆ ಈಗ ಬೇರೆಯವರಿಗಿಂತ ಜಾಸ್ತಿ ನೀರು ಬೇಕು. ಬಾಯಾರುವವರೆಗೆ ಕಾಯಬೇಡಿ. ಮೂತ್ರದ ಬಣ್ಣವನ್ನೇ ಪೂರ್ತಿ ನಂಬಬೇಡಿ, ಶುಗರ್ ಜಾಸ್ತಿ ಇದ್ದಾಗ ಮೈ ಒಣಗಿದ್ದರೂ ಮೂತ್ರ ತಿಳಿಯಾಗಿ ಜಾಸ್ತಿ ಹೋಗುತ್ತಿರಬಹುದು. ಹೃದಯ ಅಥವಾ ಕಿಡ್ನಿ ತೊಂದರೆಗೆ ನೀರು ಅಳೆದು ಕುಡಿಯಲು ಹೇಳಿದ್ದರೆ ಮಾತ್ರ ವೈದ್ಯರನ್ನು ಕೇಳಿ.

ಓಆರ್‌ಎಸ್ ಕುಡಿಯಬಹುದಾ ಅಂತ ಹೊಸಬರು ಹೆದರುತ್ತಾರೆ, ಅದರಲ್ಲಿ ಗ್ಲುಕೋಸ್ ಇದೆಯಲ್ಲ ಅಂತ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಓಆರ್‌ಎಸ್‌ನಲ್ಲಿ ಒಂದು ಲೀಟರಿಗೆ 13.5 ಗ್ರಾಂ ಗ್ಲುಕೋಸ್ ಮಾತ್ರ. ಒಂದು ಲೋಟ ಸಿಹಿ ತಂಪು ಪಾನೀಯದಲ್ಲಿ ಇದಕ್ಕಿಂತ ಜಾಸ್ತಿ ಸಕ್ಕರೆ ಇರುತ್ತದೆ. ವಾಂತಿ ಭೇದಿಯಾದಾಗ, ತುಂಬಾ ಬೆವರಿ ಸೋತಾಗ ಓಆರ್‌ಎಸ್ ಕುಡಿಯಿರಿ, ಶುಗರ್ ನೋಡುತ್ತಿರಿ. ಬರೀ ಬಾಯಾರಿಕೆಗೆ ನೀರೇ ಸಾಕು. ಅಂಗಡಿಯ ಎಲ್ಲ ಡಬ್ಬಿಗಳಲ್ಲೂ ಈ ಸೂತ್ರ ಇರುವುದಿಲ್ಲ, ಹಿಂದಿನ ಅಂಕಿ ಓದಿ ತೆಗೆದುಕೊಳ್ಳಿ.

ಊಟ ಸೇರದ ದಿನ, ವಾಂತಿಯ ದಿನ ಗ್ಲಾರ್ಜಿನ್ ಬಿಡಬೇಡಿ. ತಿನ್ನದಿದ್ದರೂ ಲಿವರ್ ಸಕ್ಕರೆ ಬಿಡುತ್ತಲೇ ಇರುತ್ತದೆ, ಇನ್ಸುಲಿನ್ ಇಲ್ಲದಿದ್ದರೆ ಕೀಟೋನ್ ಕಟ್ಟಿಕೊಳ್ಳುತ್ತದೆ. ಊಟದ ಆಸ್ಪಾರ್ಟನ್ನು ತಿಂದದ್ದಕ್ಕೆ ತಕ್ಕಂತೆ ಹೇಗೆ ಕಡಿಮೆ ಮಾಡಬೇಕು ಅಂತ ವೈದ್ಯರಿಂದ ಈಗಲೇ ಬರೆಸಿಟ್ಟುಕೊಳ್ಳಿ. ಕರೆಕ್ಷನ್ ಡೋಸ್ ಹಾಕಿದ ಮೇಲೆ ಗಂಟೆಗೊಂದು ಸಲ ಮತ್ತೆ ಮತ್ತೆ ಹಾಕಬೇಡಿ. ಆಸ್ಪಾರ್ಟ್ ಮೂರರಿಂದ ಐದು ಗಂಟೆ ಕೆಲಸ ಮಾಡುತ್ತದೆ. ಹಿಂದಿನದು ಇನ್ನೂ ಒಳಗಿರುವಾಗ ಮೇಲಿಂದ ಮೇಲೆ ಹಾಕಿದರೆ ಎಲ್ಲ ಸೇರಿ ಒಮ್ಮೆಲೇ ಇಳಿಸುತ್ತದೆ.

ಮೀಟರನ್ನು ಇಷ್ಟು ನಂಬಿ ಅಂದೆನಲ್ಲ, ಅದನ್ನೂ ಬಿಸಿಲಿಂದ ಕಾಪಾಡಬೇಕು. ಸ್ಟ್ರಿಪ್ಪಿನಲ್ಲಿರುವ ಕಿಣ್ವವೂ ಪ್ರೊಟೀನೇ. ಸಾಮಾನ್ಯವಾಗಿ 30 ಡಿಗ್ರಿ ಒಳಗೆ, ತೇವ ಇಲ್ಲದೆ, ಅದರದೇ ಡಬ್ಬಿಯಲ್ಲಿ ಮುಚ್ಚಿಡಬೇಕು. ಫ್ರಿಜ್ಜಿನಲ್ಲಿ ಬೇಡ, ತೆಗೆದಾಗ ತೇವ ಹಿಡಿಯುತ್ತದೆ. ಮೀಟರ್ ತೀರಾ ಬಿಸಿಯಾದರೆ ಎರರ್ ತೋರಿಸುತ್ತದೆ. ನೆರಳಲ್ಲಿ ಸ್ವಲ್ಪ ಹೊತ್ತು ಇಟ್ಟು ಮತ್ತೆ ನೋಡಿ. ಕಾರಿನಲ್ಲಿ ಬಿಟ್ಟ ಬ್ಯಾಗಿನಲ್ಲಿ ಸ್ಟ್ರಿಪ್ಪುಗಳೂ ಇದ್ದವಾ? ಇದ್ದಿದ್ದರೆ ಹೊಸ ಡಬ್ಬಿ ತೆಗೆಯಿರಿ. 260 ಅನ್ನುವ ಅಂಕಿಯೇ ತಪ್ಪಿರಬಹುದು. ಬೆರಳಲ್ಲಿ ಹಣ್ಣಿನ ರಸ ಇದ್ದರೂ ಸುಳ್ಳು ಅಂಕಿ ಬರುತ್ತದೆ, ಕೈ ತೊಳೆದು ಒರೆಸಿಯೇ ಚುಚ್ಚಿ.

ಹೊರಗೆ ಹೋಗುವಾಗ ಪೆನ್ ನಿಮ್ಮ ಜೊತೆಗೇ ಇಳಿಯಲಿ, ಎರಡು ನಿಮಿಷದ ಕೆಲಸಕ್ಕೂ ಅಷ್ಟೇ. ವಿಮಾನದಲ್ಲಾದರೆ ಕೈಚೀಲದಲ್ಲಿ, ವೈದ್ಯರ ಚೀಟಿ ಸಮೇತ. ಕೆಳಗಿನ ಸಾಮಾನು ಕೋಣೆಯಲ್ಲಿ ಹೆಪ್ಪುಗಟ್ಟುವ ಅಪಾಯ ಇದೆ. ಎರಡು ಬಗೆಯದೂ ಒಂದೊಂದು ಹೆಚ್ಚಿನ ಪೆನ್ ಮನೆಯ ಫ್ರಿಜ್ಜಿನಲ್ಲಿ ಸದಾ ಇರಲಿ.

ಮುಂದಿನ ಒಂದು ವಾರ ಹೀಗೆ ಮಾಡಿ. ಪ್ರತಿ ಊಟಕ್ಕೆ ಮುಂಚೆ, ಮಲಗುವಾಗ, ಬಿಸಿಲಲ್ಲಿ ಓಡಾಡಿ ಬಂದಾಗ ಶುಗರ್ ನೋಡಿ. ಸಾಧ್ಯವಾದರೆ ಎರಡು ದಿನ ರಾತ್ರಿ ಮೂರು ಗಂಟೆಗೂ ನೋಡಿ, ಹಗಲು ಬಿಸಿಲಲ್ಲಿ ದಣಿದಿದ್ದರೆ ರಾತ್ರಿ ಇಳಿಯುವುದುಂಟು. ಅಂಕಿಯ ಪಕ್ಕದಲ್ಲಿ ಡೋಸ್, ಚುಚ್ಚಿದ ಜಾಗ, ಯಾವ ಪೆನ್, ಹೊರಗಿದ್ದಿರೋ ಒಳಗಿದ್ದಿರೋ ಅಂತ ಬರೆದಿಡಿ. ಆ ಹಾಳೆ ಹಿಡಿದು ನಿಮ್ಮ ವೈದ್ಯರ ಹತ್ತಿರ ಹೋಗಿ. ಕಾರಿನಲ್ಲಿ ಬಿಟ್ಟ ಪೆನ್ನಿನ ವಿಷಯವನ್ನು ಮುಜುಗರ ಪಡದೆ ಮೊದಲೇ ಹೇಳಿ. ಅದು ಗೊತ್ತಿಲ್ಲದಿದ್ದರೆ ಅವರು ಬರೀ 260 ನೋಡಿ ಡೋಸ್ ಏರಿಸಿಬಿಡಬಹುದು.